ಹೆರಿಗೆ ಕೋಣೆಯ ಪ್ರಶ್ನೆಗಳು ಜರ್ನಲ್ಲಿಗೆ ಹೋಗಲಿ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ-ಬೆಟಗೇರಿ, ಯಾವ ಊರಿನ ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಹೋದರೂ ಅಲ್ಲೊಂದು ಉದ್ದನೆಯ ರಿಜಿಸ್ಟರ್ ಇರುತ್ತದೆ. ಬಂದವಳ ಹೆಸರು, ಊರು, ವಯಸ್ಸು, ಎಷ್ಟನೆಯ ಬಸಿರು, ತಾಯಿ ಕಾರ್ಡಿನ ನಂಬರು, ಹಿಮೋಗ್ಲೋಬಿನ್, ಹೆರಿಗೆಯಾದ ಹೊತ್ತು, ಕೂಸಿನ ತೂಕ. ರಾತ್ರಿ ಪಾಳಿಯ ಸಿಸ್ಟರ್ ಕೈತೊಳೆದುಕೊಂಡು ಬಂದು, ಮುಂದಿನ ಬಸುರಿ ಒಳಗೆ ಬರುವ ಮುಂಚೆ ಅದನ್ನು ತುಂಬಬೇಕು. ತಿಂಗಳ ಕೊನೆಗೆ ಅದರ ಒಟ್ಟು ಲೆಕ್ಕ ತಾಲ್ಲೂಕಿಗೆ, ಅಲ್ಲಿಂದ ಗದಗಕ್ಕೆ, ಗದಗದಿಂದ ಬೆಂಗಳೂರಿಗೆ ಹೋಗುತ್ತದೆ. ಬರೆದವಳ ಮನಸ್ಸಿನಲ್ಲಿ ಹುಟ್ಟಿದ ಪ್ರಶ್ನೆ ಮಾತ್ರ ಆ ಕೋಣೆಯಲ್ಲೇ ಉಳಿಯುತ್ತದೆ. ಈ ಊರಿಂದ ಬರೋ ಬಸರಿಯರಿಗೇ ಯಾಕ ರಕ್ತ ಇಷ್ಟು ಕಡಿಮಿ? ದುಡಿಯಾಕ ಗುಳೆ ಹೋಗಿ ಬಂದ ತಾಂಡಾದ ಹೆಣ್ಮಕ್ಕಳ ಕಾರ್ಡಿನಾಗ ನಡುವಿನ ತಿಂಗಳು ಖಾಲಿ ಯಾಕ? ನರ್ಸುಗಳು ಊಟದ ಹೊತ್ತಿನಲ್ಲಿ ಆಡಿಕೊಳ್ಳುವ ಇಂಥ ಮಾತಿನಿಂದಲೇ ಸಂಶೋಧನೆ ಶುರುವಾಗುತ್ತದೆ. ಅದನ್ನು ಅಳೆದು, ಬರೆದು, ಜರ್ನಲ್ಲಿಗೆ ಕಳಿಸುವ ಕೆಲಸ ನಮ್ಮ ಕಡೆ ಆಗಬೇಕಾದಷ್ಟು ಆಗುತ್ತಿಲ್ಲ.

ಹಾಗೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಉತ್ತರ ಕರ್ನಾಟಕದ ಬೆಳಗಾವಿಯೇ ಇದೆ.

ಬೆಳಗಾವಿಯ ನರ್ಸುಗಳು ಅಳೆದ ರಕ್ತ

ಹೆರಿಗೆಯಾದ ಮೇಲೆ ತಾಯಂದಿರು ಸಾಯುವುದಕ್ಕೆ ಜಗತ್ತಿನಲ್ಲೆಲ್ಲ ದೊಡ್ಡ ಕಾರಣ ರಕ್ತಸ್ರಾವ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು. ಕರೆಂಟು ಕೈಕೊಡುವ ಉಪಕೇಂದ್ರದಲ್ಲಿ, ಹಳ್ಳಿಯ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಅದನ್ನು ಹಳ್ಳಿಯಲ್ಲಿ ಕೊಟ್ಟರೆ ರಕ್ತ ಹೋಗುವುದು ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆ ಸೇರಿ ಕೈಗೆತ್ತಿಕೊಂಡಿತು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರು ಈ ಅಧ್ಯಯನಕ್ಕೆ ಒಪ್ಪಿದರು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು 25 ಮಂದಿ ಎಎನ್‌ಎಂಗಳು. ನಮ್ಮ ಹಳ್ಳಿಯ ಜನ ನರ್ಸಬಾಯಾರು ಎನ್ನುವುದು ಇವರನ್ನೇ.

ಅರ್ಧದಷ್ಟು ತಾಯಂದಿರಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂದು ಕೊಟ್ಟ ನರ್ಸಿಗೂ ಗೊತ್ತಿಲ್ಲ, ನುಂಗಿದ ತಾಯಿಗೂ ಗೊತ್ತಿಲ್ಲ. ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೋದವರ ಪ್ರಮಾಣ ಔಷಧವಿಲ್ಲದ ಗುಂಪಿನಲ್ಲಿ ಶೇ 12 ಇದ್ದರೆ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ. 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂದು ಲೆಕ್ಕ ಹೇಳಿತು. 2006ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದಿದ್ದ ಪುರಾವೆಗಳಲ್ಲಿ ನಮ್ಮ ಬೆಳಗಾವಿ ಹಳ್ಳಿಗಳ ಲೆಕ್ಕವೂ ಒಂದು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಗುಳಿಗೆಗಿಂತ ಅಳತೆ. ಹೆರಿಗೆಯಲ್ಲಿ ಹೋದ ರಕ್ತವನ್ನು ಎಲ್ಲ ಕಡೆಯೂ ಕಣ್ಣಂದಾಜಿನಿಂದ ಹೇಳುತ್ತಿದ್ದರು. ಹಾಸಿದ ಬಟ್ಟೆ ಎಷ್ಟು ತೊಯ್ದಿದೆ ಎಂದು ನೋಡಿ, ‘ಇನ್ನೂರು ಎಂಎಲ್ ಇರಬಹುದು’ ಎಂದು ಬರೆಯುವುದು. ಬೆಳಗಾವಿಯ ಅಧ್ಯಯನಕ್ಕೆಂದು ಒಂದು ಸಾದಾ ಪ್ಲಾಸ್ಟಿಕ್ ಹಾಳೆ ರೂಪುಗೊಂಡಿತು. ಕೂಸು ಹೊರಬಂದ ಮೇಲೆ ತಾಯಿಯ ಕೆಳಗೆ ಹಾಸುವ ಆ ಹಾಳೆಯ ತುದಿಯಲ್ಲಿ ಅಳತೆಯ ಗೆರೆ ಹಾಕಿದ ಚೀಲ. ರಕ್ತ ಹರಿದು ಅದರೊಳಗೆ ನಿಲ್ಲುತ್ತದೆ, ಎಷ್ಟೆಂದು ಗೆರೆಯೇ ಹೇಳುತ್ತದೆ. ಬೆಳಗಾವಿ ಜಿಲ್ಲಾ ಆಸ್ಪತ್ರೆಯಲ್ಲಿ 123 ತಾಯಂದಿರ ಮೇಲೆ ಅದನ್ನು ಒರೆಗೆ ಹಚ್ಚಿ ನೋಡಿದಾಗ, ಕಣ್ಣಂದಾಜು ಹಾಳೆಯ ಅಳತೆಗಿಂತ ಶೇ 33ರಷ್ಟು ಕಡಿಮೆ ಹೇಳುತ್ತಿತ್ತು. ಮೂರರಲ್ಲಿ ಒಂದು ಪಾಲು ರಕ್ತ ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಿತ್ತು ಎಂದಂತಾಯಿತು. ಅದೂ 2006ರಲ್ಲೇ ಸ್ತ್ರೀರೋಗ ಮತ್ತು ಪ್ರಸೂತಿಯ ಅಂತಾರಾಷ್ಟ್ರೀಯ ಜರ್ನಲ್ಲಿನಲ್ಲಿ ಪ್ರಕಟವಾಯಿತು. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳಲ್ಲಿ 2 ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ‘ಇ-ಮೋಟಿವ್’ ಅಧ್ಯಯನದ ಫಲ ಬಂತು. ಅಂಥದೇ ಗೆರೆ ಹಾಕಿದ ಹಾಳೆಯಿಂದ ರಕ್ತವನ್ನು ಬೇಗ ಗುರುತಿಸಿ, ಕೂಡಲೇ ಒಟ್ಟಿಗೆ ಚಿಕಿತ್ಸೆ ಕೊಟ್ಟಲ್ಲಿ ತೀವ್ರ ಅನಾಹುತಗಳು ಶೇ 60ರಷ್ಟು ಕಡಿಮೆಯಾಗಿದ್ದವು.

ಹೆಸರು ಯಾರದು?

ಲ್ಯಾನ್ಸೆಟ್ ಪೇಪರಿನ ಲೇಖಕರ ಸಾಲಿನಲ್ಲಿರುವವರು ವೈದ್ಯರು ಮತ್ತು ಸಂಶೋಧಕರು. ರಾತ್ರಿ ಹೊತ್ತು ಹಳ್ಳಿಯ ಮನೆಗಳಲ್ಲಿ ಲಾಟೀನು ಬೆಳಕಾದರೂ ಸರಿ ಎಂದು ಕೂತು ಹೆರಿಗೆ ಮಾಡಿಸುವ ನರ್ಸುಗಳು ಆ ಸಾಲಿನಲ್ಲಿಲ್ಲ. ಇದರಲ್ಲಿ ಯಾರೂ ನಿಯಮ ಮುರಿದಿಲ್ಲ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ ಲೇಖಕರು ಎನಿಸಿಕೊಳ್ಳಲು ನಾಲ್ಕು ಷರತ್ತು ಹಾಕಿದೆ. ಅಧ್ಯಯನದ ರೂಪರೇಷೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು ಇರಬೇಕು; ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಕೈ ಇರಬೇಕು; ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು; ಇಡೀ ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಇದ್ದರೆ ಲೇಖಕಿ. ಇಲ್ಲದಿದ್ದರೆ ಕೊನೆಯ ಕೃತಜ್ಞತೆಯ ಸಾಲು.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ಯಾರೂ ಓದಿ ಹೇಳುವುದಿಲ್ಲ. ಮೊದಲ ಷರತ್ತು ಪೂರೈಸಿದ ಎಲ್ಲರಿಗೂ ಬರೆಯುವ, ತಿದ್ದುವ, ಒಪ್ಪಿಗೆ ಕೊಡುವ ಅವಕಾಶ ಕೊಡಬೇಕು. ಅವಕಾಶ ತಪ್ಪಿಸಿ ಆಮೇಲೆ ‘ನೀನು ಬರೆಯಲಿಲ್ಲವಲ್ಲ’ ಎಂದು ಹೆಸರು ಬಿಡಬಾರದು. ನರ್ಸು ಮಾಹಿತಿ ತರುವವಳು, ಡಾಕ್ಟರ್ ಬರೆಯುವವರು ಎಂಬ ವಿಂಗಡಣೆ ಎಲ್ಲಿದೆಯೋ ಅಲ್ಲಿ ಈ ಮಾತನ್ನು ಗಟ್ಟಿಯಾಗಿ ಓದಬೇಕು.

ನರ್ಸುಗಳು ಬರೆಯುವುದು ಹೊಸದೂ ಅಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ನೆರವಿನಿಂದ ನಡೆಯುತ್ತಿದ್ದ ಸೂಲಗಿತ್ತಿಯರ ತರಬೇತಿ ವಾರ್ಡನ್ನು ಬಾಣಂತಿ ಜ್ವರದ ಸಾವುಗಳಿಂದಾಗಿ 1867ರಲ್ಲಿ ಮುಚ್ಚಬೇಕಾಯಿತು. ಆಕೆ ಸುಮ್ಮನೆ ಕೂರಲಿಲ್ಲ. ಹೆರಿಗೆ ಆಸ್ಪತ್ರೆಗಳ ಸಾವಿನ ಅಂಕಿಗಳನ್ನು ಸಂಗ್ರಹಿಸಿ, ಮನೆಯಲ್ಲಿ ಹೆತ್ತವರ ಅಂಕಿಗಳ ಜೊತೆ ಹೋಲಿಸಿ 1871ರಲ್ಲಿ ಪುಸ್ತಕ ಮಾಡಿದಳು. ಅದಕ್ಕೂ ಮುಂಚೆ 1847ರಲ್ಲಿ ವಿಯೆನ್ನಾದ ಡಾಕ್ಟರ್ ಸೆಮೆಲ್‌ವೈಸ್, ಸೂಲಗಿತ್ತಿಯರ ವಾರ್ಡಿನಲ್ಲಿ ಸಾವು ಕಡಿಮೆ, ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲಿ ಹೆಚ್ಚು ಎಂಬುದನ್ನು ಆಸ್ಪತ್ರೆಯ ರಿಜಿಸ್ಟರಿನಿಂದಲೇ ಕಂಡುಕೊಂಡು ಕೈತೊಳೆಯುವ ನಿಯಮ ತಂದಿದ್ದ. ಆದರೆ ತನ್ನ ಪುಸ್ತಕವನ್ನು ಹೊರತಂದದ್ದು 1861ರಲ್ಲಿ. ನಡುವಿನ ಸುಮಾರು ಹದಿನಾಲ್ಕು ವರ್ಷ ಅವನ ಮಾತು ಬಾಯಿಂದ ಬಾಯಿಗೆ ತಪ್ಪುತಪ್ಪಾಗಿ ಹರಡಿತು. ಬರೆಯದೆ ಬಿಟ್ಟರೆ ತಾಯಂದಿರು ತೆರುವ ಬೆಲೆ ಅದು.

ನಮ್ಮ ನೆಲದ ಪ್ರಶ್ನೆಗಳು

ಗದಗ ಜಿಲ್ಲೆಗೆ ನರ್ಸಿಂಗ್ ಹೊಸದಲ್ಲ. ಬಾಸೆಲ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಟಗೇರಿಯಲ್ಲಿ ಕಟ್ಟಿದ ಆಸ್ಪತ್ರೆಯನ್ನು ಸುತ್ತಲಿನ ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಎನ್ನುತ್ತಾರೆ. ಈಗ ಮಲ್ಲಸಮುದ್ರದ ಬಳಿ ಸರಕಾರಿ ವೈದ್ಯಕೀಯ ಸಂಸ್ಥೆ ‘ಜಿಮ್ಸ್’ ಇದೆ, ಜಿಲ್ಲೆಯಲ್ಲಿ ನರ್ಸಿಂಗ್ ಕಾಲೇಜುಗಳೂ ಇವೆ. ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್ ಕೊಟ್ಟು ಡಿಸರ್ಟೇಶನ್ ಬರೆಯಲೇಬೇಕು. ಅಂದರೆ ಸಂಶೋಧನೆ ನಡೆಯುತ್ತಲೇ ಇದೆ. ಕೊರತೆ ಇರುವುದು ಅದು ಹಿಡಿದ ದಾರಿಯಲ್ಲಿ.

ಆ ಡಿಸರ್ಟೇಶನ್ನುಗಳ ತಲೆಬರಹಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ‘ಆಯ್ದ ಆಸ್ಪತ್ರೆಯ ಆಯ್ದ ತಾಯಂದಿರಲ್ಲಿ ಇಂಥ ವಿಷಯದ ಜ್ಞಾನದ ಮೇಲೆ ರಚಿತ ಬೋಧನಾ ಕಾರ್ಯಕ್ರಮದ ಪರಿಣಾಮ’ ಎಂಬ ಒಂದೇ ಅಚ್ಚು ಮತ್ತೆ ಮತ್ತೆ ಎದುರಾಗುತ್ತದೆ. ಮೊದಲು ಪ್ರೀ-ಟೆಸ್ಟ್, ಆಮೇಲೆ ಪಾಠ, ವಾರದ ನಂತರ ಪೋಸ್ಟ್-ಟೆಸ್ಟ್. ಪಾಠ ಹೇಳಿಸಿಕೊಂಡವರು ಹೆಚ್ಚು ಅಂಕ ತೆಗೆಯುತ್ತಾರೆ. ತೆಗೆಯದೆ ಏನು ಮಾಡಿಯಾರು? ಆ ತಾಯಿ ಮನೆಗೆ ಹೋದ ಮೇಲೆ ಕೂಸಿಗೆ ಮೊದಲ ಹಳದಿ ಹಾಲು ಕುಡಿಸಿದಳೇ, ಬಾಣಂತಿಗೆ ನೀರು ಕಡಿಮೆ ಕೊಡುವ ಅತ್ತೆಯನ್ನು ಒಪ್ಪಿಸಿದಳೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ವಿದ್ಯಾರ್ಥಿಗಳನ್ನು ದೂರುವುದು ನ್ಯಾಯವಲ್ಲ. ಸಮಯ ಕಡಿಮೆ, ಗೈಡ್‌ಗೂ ಇದೇ ಅಚ್ಚು ರೂಢಿ, ಸಿನಾಪ್ಸಿಸ್ ಸುಲಭವಾಗಿ ಪಾಸಾಗಬೇಕು. ಆದರೆ ಜರ್ನಲ್ಲಿನ ಪರವಾಗಿ ಪೇಪರನ್ನು ಓದಿ ತೂಗುವ ರಿವ್ಯೂವರ್ ಕೇಳುವ ಮೊದಲ ಪ್ರಶ್ನೆ ‘ಇದರಲ್ಲಿ ಹೊಸತೇನು’ ಎಂಬುದು. ಈ ಅಚ್ಚಿನಲ್ಲಿ ಅದಕ್ಕೆ ಉತ್ತರ ಸಿಗುವುದು ಕಷ್ಟ.

ಹೊಸತು ನಮ್ಮ ಹಿತ್ತಲಲ್ಲೇ ಇದೆ. ಮುಂಡರಗಿ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರಿಗೂ ಗೊತ್ತು. ಹಲ್ಲು ಕಂದುಗಟ್ಟಿದ ಮಕ್ಕಳನ್ನು, ಮಂಡಿ ಹಿಡಿದುಕೊಂಡು ನಡೆಯುವ ಹಿರಿಯರನ್ನು ಕಂಡ ಊರದು. ದೆಹಲಿಯಲ್ಲಿ ಎ.ಕೆ. ಸುಶೀಲಾ ಮತ್ತು ಸಂಗಡಿಗರು ರಕ್ತಹೀನತೆಯಿದ್ದ, ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಿದ್ದ ಬಸುರಿಯರಿಗೆ ಫ್ಲೋರೈಡ್ ಇಲ್ಲದ ನೀರು-ಆಹಾರ ಮತ್ತು ಪೋಷಣೆಯ ಸಲಹೆ ಕೊಟ್ಟಾಗ ಹಿಮೋಗ್ಲೋಬಿನ್ ಏರಿದ್ದನ್ನು, ಕೂಸುಗಳ ತೂಕ ಸುಧಾರಿಸಿದ್ದನ್ನು 2010ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಅದೇ ಕೊನೆಯ ಮಾತಲ್ಲ, ಬೇರೆ ಊರುಗಳಲ್ಲೂ ಒರೆಗೆ ಹಚ್ಚಬೇಕಾದ ಮಾತು. ತುಂಗಭದ್ರೆಯ ನೀರು ಬಂದ ಊರಿನ ಬಸುರಿಯರು, ಇನ್ನೂ ಬೋರಿನ ನೀರನ್ನೇ ಕುಡಿಯುವ ಊರಿನ ಬಸುರಿಯರು: ಇವರಿಬ್ಬರ ಹಿಮೋಗ್ಲೋಬಿನ್ ಹೋಲಿಸಿ ನೋಡಲು ಮುಂಡರಗಿಯ ನರ್ಸಿಗಿಂತ ತಕ್ಕವರು ಯಾರು? ಕಬ್ಬಿಣದ ಮಾತ್ರೆ ಕೊಟ್ಟೂ ಕೊಟ್ಟೂ ರಕ್ತ ಏರದಿದ್ದಾಗ ‘ಆಕಿ ನುಂಗಿರಂಗಿಲ್ಲ ಬಿಡ್ರಿ’ ಎಂದು ತಾಯಿಯನ್ನೇ ದೂರುವ ಮುಂಚೆ ಈ ಅಧ್ಯಯನ ಆಗಬೇಕು.

ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಿಂದ ಗುಳೆ ಹೋಗುವ ಬಸುರಿಯರದು ಇನ್ನೊಂದು ಪ್ರಶ್ನೆ. ಏಳನೆಯ ತಿಂಗಳಲ್ಲಿ ಊರು ಬಿಟ್ಟವಳ ತಪಾಸಣೆ ಎಲ್ಲಿ ನಿಂತಿತು, ಹೆರಿಗೆ ಎಲ್ಲಾಯಿತು? ಇದಕ್ಕೆ ದೊಡ್ಡ ಯಂತ್ರ ಬೇಡ, ಇಪ್ಪತ್ತು ತಾಯಂದಿರ ಜೊತೆ ಕೂತು ಅವರ ಮಾತನ್ನೇ ಕೇಳಿ ಬರೆದರೂ ಗುಣಾತ್ಮಕ ಅಧ್ಯಯನವಾಗುತ್ತದೆ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಆಶಾ ಜಾರ್ಜ್ ಆರೋಗ್ಯ ಕೇಂದ್ರಗಳಲ್ಲಿ ಏನು ನಡೆಯುತ್ತದೆಂದು ಕಣ್ಣಾರೆ ನೋಡಿ, ಹೆರಿಗೆ ಸೇವೆ ಇದ್ದೂ ತಾಯಂದಿರು ಯಾಕೆ ಸಾಯುತ್ತಾರೆ ಎಂಬುದನ್ನು 2007ರಲ್ಲಿ ಬರೆದದ್ದು ಹಾಗೆಯೇ. ಬಳ್ಳಾರಿ, ಕಲಬುರ್ಗಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಅನುಭವಿ ನರ್ಸುಗಳೇ ಹೋಗಿ ಅಲ್ಲಿನ ನರ್ಸುಗಳಿಗೆ ಕಲಿಸಿದರೆ ಹೆರಿಗೆಯ ಗುಣಮಟ್ಟ ಏರುತ್ತದೆಯೇ ಎಂದು ನೋಡಿದ ಅಧ್ಯಯನ 2016ರಲ್ಲಿ ‘ಪ್ಲಾಸ್ ಒನ್’ನಲ್ಲಿ ಬಂತು. ನಮ್ಮ ಸುತ್ತಲೂ ಕೆಲಸ ಆಗಿದೆ.

ಕಳಿಸುವ ಮುನ್ನ

ಮೊದಲ ಹೆಜ್ಜೆ ಜರ್ನಲ್ಲಿಗಲ್ಲ, ಎಥಿಕ್ಸ್ ಕಮಿಟಿಗೆ. ಮಾಹಿತಿ ಸಂಗ್ರಹಿಸಿ ಮುಗಿಸಿದ ಮೇಲೆ ಅನುಮತಿ ಕೇಳುವುದು ನಡೆಯುವುದಿಲ್ಲ. ಒಳ್ಳೆಯ ಜರ್ನಲ್ ಅನುಮತಿ ಪತ್ರದ ಸಂಖ್ಯೆಯನ್ನೂ ದಿನಾಂಕವನ್ನೂ ಕೇಳುತ್ತದೆ. ಹಳೆಯ ರಿಜಿಸ್ಟರ್ ಮಾತ್ರ ನೋಡುವ ಅಧ್ಯಯನಕ್ಕೂ ಅನುಮತಿ ಬೇಕು. ಅಂಥ ಕಡೆ ಪ್ರತಿ ತಾಯಿಯ ಒಪ್ಪಿಗೆಯಿಂದ ವಿನಾಯಿತಿ ಕೊಡುವ ಅಧಿಕಾರ ಕಮಿಟಿಗಿದೆ, ನಮಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದನ್ನೆಲ್ಲ ವಿವರವಾಗಿ ಹೇಳುತ್ತದೆ. ಚಿಕಿತ್ಸೆ ಅಥವಾ ಉಪಕ್ರಮವೊಂದನ್ನು ಕೊಟ್ಟು ಫಲ ನೋಡುವ ಅಧ್ಯಯನವಾದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಮೊದಲ ತಾಯಿಯನ್ನು ಸೇರಿಸಿಕೊಳ್ಳುವ ಮುನ್ನವೇ ಆಗಬೇಕು. 2018ರ ಏಪ್ರಿಲ್‌ನಿಂದ ತಡವಾಗಿ ಬಂದವರಿಗೆ ಅಲ್ಲಿ ಜಾಗವಿಲ್ಲ.

ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು. ಬೆಂಗಳೂರಿನ ಕಚೇರಿಗನ್ನಡದಲ್ಲಿ ಬರೆದ ಎರಡು ಪುಟವನ್ನು ಹೆರಿಗೆ ನೋವಿನಲ್ಲಿರುವವಳ ಮುಂದೆ ಹಿಡಿದರೆ ಅದು ಒಪ್ಪಿಗೆಯಲ್ಲ. ಲಕ್ಷ್ಮೇಶ್ವರದ ಹೆಣ್ಣುಮಗಳು ಮನೆಯಲ್ಲಿ ಆಡುವ ಮಾತಿನಲ್ಲಿ, ನೋವು ಶುರುವಾಗುವ ಮುಂಚೆ, ತಪಾಸಣೆಗೆ ಬಂದಾಗಲೇ ಹೇಳಬೇಕು. ತಾಂಡಾದ ಅಜ್ಜಿಗೆ ಲಂಬಾಣಿಯಲ್ಲೇ ಹೇಳುವವರು ಬೇಕು. ಓದಲು ಬಾರದವರ ಹೆಬ್ಬೆಟ್ಟಿನ ಜೊತೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಸಹಿ ಇರಬೇಕು.

ಬರವಣಿಗೆಯಲ್ಲಿ ದೊಡ್ಡ ಕಷ್ಟ ಕಡಿಮೆ ಮಾಡುವುದು. ನೂರೈವತ್ತು ಪುಟದ ಡಿಸರ್ಟೇಶನ್ ಮೂರು ಸಾವಿರ ಪದಕ್ಕೆ ಇಳಿಯಬೇಕು. ನರ್ಸಿಂಗ್‌ನ ವ್ಯಾಖ್ಯಾನ, ನೈಟಿಂಗೇಲ್‌ಳ ಚರಿತ್ರೆ, ಸಾಹಿತ್ಯ ಸಮೀಕ್ಷೆಯ ನಲವತ್ತು ಪುಟ ಎಲ್ಲ ಹೋಗಲಿ. ಯಾಕೆ ಮಾಡಿದೆವು, ಹೇಗೆ ಮಾಡಿದೆವು, ಏನು ಕಂಡೆವು, ಅದರ ಅರ್ಥವೇನು ಎಂಬ ನಾಲ್ಕು ಭಾಗ ಉಳಿಯಲಿ. ತಮ್ಮ ಅಧ್ಯಯನದ ಮಿತಿಗಳನ್ನು ತಾವಾಗಿಯೇ ಹೇಳಿದವರನ್ನು ರಿವ್ಯೂವರ್ ಹೆಚ್ಚು ನಂಬುತ್ತಾರೆ. ಬರೆದವರು ಯಾರೆಂದು ರಿವ್ಯೂವರ್‌ಗೆ ತಿಳಿಯಬಾರದು, ಆದ್ದರಿಂದ ಹೆಸರು, ಕಾಲೇಜು, ಊರು ಇರುವ ಪುಟ ಬೇರೆ ಫೈಲಿನಲ್ಲಿ. ಪೇಪರಿನೊಳಗೆ ‘ನಮ್ಮ ಗದಗದ ಆಸ್ಪತ್ರೆ’ ಎಂದು ಉಳಿದುಬಿಟ್ಟರೆ ಬರೆದವರ ಗುರುತು ಹತ್ತುತ್ತದೆ. ಒಂದು ಪೇಪರನ್ನು ಒಂದು ಹೊತ್ತಿಗೆ ಒಂದೇ ಜರ್ನಲ್ಲಿಗೆ ಕಳಿಸಬೇಕು. ಎರಡು ಕಡೆ ಕಳಿಸಿದ್ದು ತಿಳಿದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಎಲ್ಲಿಗೆ ಕಳಿಸುವುದು? ಟ್ರೇನ್ಡ್ ನರ್ಸಸ್ ಅಸೋಸಿಯೇಶನ್ 1910ರಿಂದ ನಡೆಸುತ್ತ ಬಂದಿರುವ ‘ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ’ ಇದೆ. ಚಂಡೀಗಡದ ಪಿಜಿಐನಿಂದ 2005ರಲ್ಲಿ ಶುರುವಾದ ‘ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ರಿಸರ್ಚ್ ಜರ್ನಲ್’ ಹೆಸರಿನಲ್ಲೇ ಸೂಲಗಿತ್ತಿಯ ಕೆಲಸವನ್ನೂ ಇಟ್ಟುಕೊಂಡಿದೆ. ನಮ್ಮದೇ ವಿಶ್ವವಿದ್ಯಾಲಯದ ‘ಆರ್‌ಜಿಯುಎಚ್‌ಎಸ್ ಜರ್ನಲ್ ಆಫ್ ನರ್ಸಿಂಗ್ ಸೈನ್ಸಸ್’ ಇದೆ. ಮೊದಲ ಸಲ ಬರೆಯುವವರು ಅಲ್ಲಿಂದ ಶುರು ಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆಯ್ದ ಜರ್ನಲ್ಲಿನ ಇತ್ತೀಚಿನ ನಾಲ್ಕಾರು ಸಂಚಿಕೆ ಓದದೆ ಕಳಿಸಬೇಡಿ.

ಮೋಸದ ಅಂಗಡಿಗಳು

ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿದ್ದೀರಿ. ಪೇಪರ್ ಕಳಿಸಿ, ಎರಡು ದಿನದಲ್ಲಿ ಪ್ರಕಟ, ಸರ್ಟಿಫಿಕೇಟ್ ಉಚಿತ, ಶುಲ್ಕ ಇಷ್ಟು ಸಾವಿರ. ಬಡ್ತಿಗೆ, ಪಿಎಚ್.ಡಿ.ಗೆ ಪೇಪರ್ ಸಂಖ್ಯೆ ಕೇಳುವ ವ್ಯವಸ್ಥೆಯೇ ಈ ಅಂಗಡಿಗಳನ್ನು ಸಾಕಿದೆ. ಅಲ್ಲಿ ಯಾರೂ ನಿಮ್ಮ ಪೇಪರನ್ನು ಓದುವುದಿಲ್ಲ. ಯುಜಿಸಿ 2019ರಲ್ಲಿ ‘ಕೇರ್’ ಪಟ್ಟಿ ಮಾಡಿ ಒಳ್ಳೆಯ ಜರ್ನಲ್ಲುಗಳನ್ನು ಬೇರ್ಪಡಿಸಲು ನೋಡಿತು, 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟಿತು. ಈಗ ತೂಗಿ ನೋಡುವ ಹೊಣೆ ಕಾಲೇಜಿನ ಮೇಲೆ, ಕೊನೆಗೆ ಬರೆಯುವವಳ ಮೇಲೆ. ಸಂಪಾದಕ ಮಂಡಳಿಯವರು ನಿಜವಾಗಿ ಇದ್ದಾರೆಯೇ? ಪಬ್‌ಮೆಡ್, ಸ್ಕೋಪಸ್ ಅಥವಾ ಡಿಒಎಜೆಯಂಥ ಜರ್ನಲ್ ಸೂಚಿಗಳಲ್ಲಿ ಆ ಜರ್ನಲ್ ಸಿಗುತ್ತದೆಯೇ? ಅವರ ಜಾಲತಾಣದ ಮಾತು ನಂಬದೆ ಆ ಸೂಚಿಗಳಲ್ಲೇ ಹೋಗಿ ಹುಡುಕಿ. ಶುಲ್ಕ ಎಷ್ಟೆಂದು ಮೊದಲೇ ಬರೆದಿದ್ದಾರೆಯೇ? ನಾಳೆಯೇ ಒಪ್ಪಿಗೆ ಎನ್ನುವವರಿಂದ ದೂರ ಇರಿ. ಶುಲ್ಕವಿದ್ದ ಮಾತ್ರಕ್ಕೆ ಮೋಸ ಎನ್ನಲಾಗದು. ಹೆಸರಾಂತ ಮುಕ್ತ ಜರ್ನಲ್ಲುಗಳೂ ದೊಡ್ಡ ಮೊತ್ತ ಕೇಳುತ್ತವೆ. ಅಷ್ಟು ಹಣ ಕೊಡಲು ನಮ್ಮ ನರ್ಸಿಗೆ ಸಾಧ್ಯವಿಲ್ಲ. ಚಂದಾದಾರರಿಂದ ನಡೆಯುವ, ಲೇಖಕರಿಂದ ಹಣ ಕೇಳದ ಜರ್ನಲ್ಲುಗಳು ಇನ್ನೂ ಸಾಕಷ್ಟಿವೆ.

ಒಳ್ಳೆಯ ಜರ್ನಲ್ಲಿನಿಂದ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತವೆ. ‘ಮೇಜರ್ ರಿವಿಜನ್’ ಎಂದು ಬಂದರೆ ಬಹಳ ಮಂದಿ ಎದೆಗುಂದಿ ಫೈಲು ಮುಚ್ಚುತ್ತಾರೆ. ಮುಚ್ಚಬೇಡಿ, ಅದು ಬಾಗಿಲು ತೆರೆದಿದೆ ಎಂಬ ಸುದ್ದಿ. ರಿವ್ಯೂವರ್ ಕೇಳಿದ ಒಂದೊಂದು ಮಾತಿಗೂ ಒಂದೊಂದು ಉತ್ತರ ಬರೆದು, ಒಪ್ಪಿದ್ದನ್ನು ಎಲ್ಲಿ ತಿದ್ದಿದೆವೆಂದು ಪುಟ ಸಹಿತ ಹೇಳಿ, ಒಪ್ಪದ್ದಕ್ಕೆ ಕಾರಣ ಕೊಟ್ಟು ಕಳಿಸಬೇಕು. ಒಪ್ಪಿಗೆಯಾದ ಮೇಲೆ ಪ್ರೂಫ್ ಬರುತ್ತದೆ. ಹೊಂಬಾಳಿ, ಶಾಬಾದಿಮಠ, ಸಂಕೇಶ್ವರರಂಥ ಅಚ್ಚಿನ ಮನೆಗಳನ್ನು ಕಂಡ ಗದಗಕ್ಕೆ ಕರಡು ತಿದ್ದುವುದರ ಬೆಲೆ ಹೇಳಿಕೊಡಬೇಕಾಗಿಲ್ಲ. ಔಷಧದ ಪ್ರಮಾಣದಲ್ಲಿ ಒಂದು ಚುಕ್ಕೆ ಆಚೀಚೆಯಾದರೆ ಓದಿದ ಇನ್ನೊಬ್ಬ ನರ್ಸಿನ ಕೈಯಲ್ಲಿ ಅದು ತಾಯಿಯ ಮೈಸೇರುತ್ತದೆ.

‘ಕೆಲಸಾನ ಮುಗಿಯೂದಿಲ್ರಿ, ಬರಿಯೂದು ಯಾವಾಗ?’ ಎಂದು ನರ್ಸುಗಳು ಕೇಳುತ್ತಾರೆ. ಕೇಳುವುದು ಸರಿಯಾಗಿದೆ. ಅದಕ್ಕೆ ಉತ್ತರ ಕೊಡಬೇಕಾದವರು ಅವರಲ್ಲ, ಆಸ್ಪತ್ರೆ ನಡೆಸುವವರು. ತಿಂಗಳಿಗೆ ಒಂದು ಮಧ್ಯಾಹ್ನವನ್ನು ಡ್ಯೂಟಿ ಎಂದೇ ಲೆಕ್ಕ ಹಿಡಿದು ಬರವಣಿಗೆಗೆ ಬಿಟ್ಟುಕೊಡಿ. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರು ಅಂಕಿ-ಅಂಶದ ಲೆಕ್ಕಕ್ಕೆ ಜೊತೆ ಕೂರಲಿ. ಎಥಿಕ್ಸ್ ಕಮಿಟಿಯ ಪ್ರತಿ ಸಭೆಯಲ್ಲಿ ತಾಲ್ಲೂಕು ಆಸ್ಪತ್ರೆಯ ನರ್ಸುಗಳ ಅರ್ಜಿಗೂ ಹೊತ್ತು ಇಡಿ. ಪ್ರಶ್ನೆ ಕೇಳಿದವಳು, ಅಳೆದವಳು, ಬರೆದವಳು ನರ್ಸು ಎಂದಾದರೆ ಮೊದಲ ಹೆಸರೂ ಅವಳದೇ ಇರಲಿ. ಜಿಲ್ಲೆಯ ನರ್ಸಿಂಗ್ ಕಾಲೇಜುಗಳ ಪ್ರಾಚಾರ್ಯರಲ್ಲಿ ನನ್ನದೊಂದು ವಿನಂತಿ: ಈ ವರ್ಷದ ಸಿನಾಪ್ಸಿಸ್‌ಗಳಿಗೆ ಸಹಿ ಹಾಕುವ ಮುನ್ನ, ಈ ಪ್ರಶ್ನೆ ಯಾವ ಊರಿನ ಯಾವ ವಾರ್ಡಿನಿಂದ ಬಂತು ಎಂದು ವಿದ್ಯಾರ್ಥಿಯನ್ನು ಕೇಳಿ.